ಸ್ಥಳ: ಊರವರಿಗೆ ಗೊತ್ತು



ನಿವೃತ್ತಿಯ ನಂತರದ ಬದುಕನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ, ಹಳಗನ್ನಡ ಕಾವ್ಯವೊಂದರ ಮರುಓದನ್ನು ನಾನು ಆರಿಸಿಕೊಳ್ಳಬಹುದೆಂದು ಅವರು ನಿರೀಕ್ಷಿಸಿದ್ದರೋ ಏನೋ. ನಾನು ಹೇಳಹೊರಟಿರುವುದು ಒಬ್ಬ ಅಧಿಕಾರಿಯ ಹಿಂದೆ ಚೀಲ ಹಿಡಿದುಕೊಂಡು ಕಾಡು ಅಲೆದ ಕಥೆಯನ್ನು. ಆಕೆ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಅವಳ ಹುದ್ದೆಯ ಹೆಸರು ಜೀವವೈವಿಧ್ಯಾಧಿಕಾರಿ. ನೇಮಕದ ಪತ್ರ ಬಂದಾಗ ಅವಳ ಮನೆಯ ಹಿರಿಯರೊಬ್ಬರು, "ಅಧಿಕಾರವೇನೋ ಸರಿ, ಯಾರ ಮೇಲೆ?" ಎಂದು ಕೇಳಿದರಂತೆ. ಈ ಪ್ರಶ್ನೆಗೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಮೂರು ವರ್ಷ ಜೊತೆಗೆ ತಿರುಗಿದ ಮೇಲೆ ನನಗೂ ಗೊತ್ತಾಗಿಲ್ಲ.

ಕರಾವಳಿಯ ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಒಂದು ದಿನ ವನವರ್ಣನೆಯ ಪಾಠ ನಡೆದಿತ್ತು. ನಮ್ಮ ಕವಿಗಳು ಮರಗಳ ಹೆಸರನ್ನು ರಾಶಿ ಹಾಕುವುದು ನಿಮಗೆ ಗೊತ್ತೇ ಇದೆ. ಬಕುಳವೆಂದರೆ ಒಂದು ಬಗೆಯ ಸುವಾಸನೆಯ ಹೂವಿನ ಮರ ಎಂದು ನಿಘಂಟಿನ ಧಾಟಿಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಹಿಂದಿನ ಬೆಂಚಿನಿಂದ ಸಸ್ಯಶಾಸ್ತ್ರದ ಹುಡುಗಿಯೊಬ್ಬಳು ಎದ್ದು, "ಸರ್, ಅದು ನಮ್ಮ ರಂಜಲು ಅಲ್ಲವೇ?" ಎಂದಳು. ಇರಬಹುದು ಎಂದು ನುಣುಚಿಕೊಂಡೆ. ನಾನು ಹುಟ್ಟಿದ್ದು ಸಿದ್ದಾಪುರ ತಾಲೂಕಿನ ಹಳ್ಳಿಯಲ್ಲಿ. ರಂಜಲು ಹೂವನ್ನು ಬಾಳೆಯ ನಾರಿನಲ್ಲಿ ಪೋಣಿಸಿ ದೇವರ ಮುಂದಿಟ್ಟವನು ನಾನು. ಆ ಹೂವೂ ಕಾವ್ಯದ ಬಕುಳವೂ ಒಂದೇ ಎಂದು ಮೂವತ್ತು ವರ್ಷದ ಅಧ್ಯಾಪನದಲ್ಲಿ ನನಗೆ ಹೊಳೆದಿರಲಿಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನಕ್ಕೆ ಸ್ಥಾನವಿದೆ, ಅಡವಿಗೆ ಪ್ರತ್ಯೇಕ ಸ್ಥಾನವಿಲ್ಲ. ನಾನು ಉದ್ಯಾನದ ಮೇಷ್ಟರಾಗಿಯೇ ನಿವೃತ್ತನಾದೆ.

2021ರ ಮಳೆಗಾಲ ಮುಗಿದ ಮೇಲೆ ಆ ಹುಡುಗಿ ಶಿರಸಿಯ ನಮ್ಮ ಮನೆಗೆ ಬಂದಳು. ಅಘನಾಶಿನಿ ಕಣಿವೆಯ ಸಂರಕ್ಷಣೆಗೆ ಸಂಬಂಧಿಸಿದ ಯೋಜನೆಯೊಂದರಲ್ಲಿ ಅವಳಿಗೆ ಕೆಲಸವಾಗಿತ್ತು. ಕೈಯಲ್ಲಿ ನೆರೆಹೊರೆಯ ಎರಡು ಗ್ರಾಮ ಪಂಚಾಯತಿಗಳ ಜೀವವೈವಿಧ್ಯ ದಾಖಲಾತಿ ಪುಸ್ತಕಗಳಿದ್ದವು. "ಸರ್, ಇವುಗಳ ಕನ್ನಡವನ್ನೊಮ್ಮೆ ನೋಡಿಕೊಡಿ" ಎಂದಳು.

ಈ ಪುಸ್ತಕದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 2002ರಲ್ಲಿ ಬಂದ ಜೈವಿಕ ವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಒಂದು ಸಮಿತಿಯನ್ನು ರಚಿಸಿಕೊಳ್ಳಬೇಕು; ಊರಿನ ಗಿಡಮರ, ಪ್ರಾಣಿಪಕ್ಷಿ, ಬಿತ್ತನೆಯ ತಳಿ, ಮದ್ದಿನ ಬೇರು ಇವುಗಳನ್ನೂ ಇವುಗಳ ಬಗ್ಗೆ ಊರವರಿಗಿರುವ ತಿಳಿವಳಿಕೆಯನ್ನೂ ಬರೆದಿಡಬೇಕು. ಉದ್ದೇಶವೇನೋ ಘನವಾದದ್ದು. ಆದರೆ ಬಹಳ ಕಡೆ ವರ್ಷಗಟ್ಟಲೆ ಕೆಲಸ ಸಾಗಲಿಲ್ಲ. ಕೊನೆಗೆ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2020ರ ಜನವರಿ 31ರೊಳಗೆ ಎಲ್ಲವೂ ಸಿದ್ಧವಾಗಬೇಕು, ತಪ್ಪಿದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು ಕಟ್ಟಾಜ್ಞೆ ಮಾಡಿತು. ದಂಡದ ಭಯಕ್ಕೆ ಬರೆದ ಕಾವ್ಯ ಹೇಗಿರುತ್ತದೆಂಬುದನ್ನು ಆಸ್ಥಾನ ಕವಿಗಳ ಚರಿತ್ರೆ ಓದಿದವರು ಊಹಿಸಬಲ್ಲರು.

ನನಗೆ ಸಸ್ಯಶಾಸ್ತ್ರ ಬಾರದಿದ್ದರೂ ಕರಡು ತಿದ್ದುವ ಕಣ್ಣಿದೆ. ಮೊದಲನೆಯ ಪುಸ್ತಕದಲ್ಲಿ ಉಪ್ಪಾಗೆ ಎಂಬ ಮರ 'ಉಪ್ಪಿಗೆ' ಎಂದು ಅಚ್ಚಾಗಿತ್ತು. ಎರಡನೆಯದನ್ನು ತೆರೆದರೆ ಅಲ್ಲಿಯೂ ಅದೇ ಸಾಲಿನಲ್ಲಿ ಅದೇ 'ಉಪ್ಪಿಗೆ'. ಹಸ್ತಪ್ರತಿ ಶಾಸ್ತ್ರದಲ್ಲಿ ನಾವು ಮಕ್ಕಳಿಗೆ ಕಲಿಸುವ ಮೊದಲ ಪಾಠವೇ ಇದು: ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಒಂದು ಇನ್ನೊಂದರ ನಕಲು, ಇಲ್ಲವೆ ಎರಡಕ್ಕೂ ಮೂಲ ಒಂದೇ. ನಾನು ಇದನ್ನು ಹೇಳಿದಾಗ ಅವಳು ನಗಲಿಲ್ಲ. "ಹಾಗಾದರೆ ಊರೂರು ನಡೆಯಬೇಕು ಸರ್" ಎಂದಳು. ನೀವೂ ಬನ್ನಿ ಎಂದು ಅವಳು ಕರೆಯಲಿಲ್ಲ, ಹೋದವನು ನಾನೇ.

ಅವಳ ಕೆಲಸದ ಬಹುಪಾಲು ಅಳತೆ ಮತ್ತು ಎಣಿಕೆ. ಹಗ್ಗ ಕಟ್ಟಿ ಕಾಡಿನಲ್ಲಿ ಚೌಕ ಗುರುತಿಸುವುದು, ಎದೆಯೆತ್ತರದಲ್ಲಿ ಪ್ರತಿ ಮರದ ಸುತ್ತಳತೆ ಹಿಡಿಯುವುದು, ಬರೆದುಕೊಳ್ಳುವುದು. ಇದು ಬೇಗ ಬೇಸರ ತರಿಸುತ್ತದೆ, ಜಿಗಣೆಯಂತೂ ಯಾರ ವಿದ್ವತ್ತನ್ನೂ ಲೆಕ್ಕಿಸುವುದಿಲ್ಲ. ನನಗೆ ರುಚಿಸಿದ್ದು ಹೆಸರುಗಳ ವಿಚಾರ. ನಮ್ಮ ಕಡೆ ಮುರುಗಲು ಎಂಬುದು ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ. ನಮ್ಮ ಉಪ್ಪಾಗೆಯ ಹಣ್ಣಿನ ರಸವನ್ನು ಕುದಿಸಿ ಇಳಿಸಿದ್ದೇ ಕೊಡಗಿನ ಅಡಿಗೆಯ ಕಾಚಂಪುಳಿ. ನಮ್ಮಲ್ಲಿ ಅದರ ಬೀಜದಿಂದ ತುಪ್ಪ ತೆಗೆಯುತ್ತಿದ್ದರು. 1990ರ ದಶಕದಲ್ಲಿ ಮೈ ಇಳಿಸುವ ಔಷಧಕ್ಕೆಂದು ಪರದೇಶಗಳಲ್ಲಿ ಅದರ ಸಿಪ್ಪೆಗೆ ಬೇಡಿಕೆ ಬಂದಾಗ, ಹಣ್ಣಿಗೆಂದು ಕೊಂಬೆಗಳನ್ನೇ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಸೌದೆಯನ್ನೇ ಉರಿಸಿದರು. ಅದೇ ಹಣ್ಣು ಸಿಂಗಳೀಕದ ಆಹಾರವೂ ಹೌದು. ಆ ಕೋತಿಯ ಸಲುವಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರಿನಷ್ಟು ಕಾಡು ಸಂರಕ್ಷಣಾ ಮೀಸಲು ಎನಿಸಿಕೊಂಡಿತು. ಒಂದು ಅಚ್ಚಿನ ತಪ್ಪಿನ ಹಿಂದೆ ಇಷ್ಟೆಲ್ಲ ಇತ್ತು.

ಒಮ್ಮೆ ಅವಳು ಇಂಗ್ಲಿಷಿನ 'ಲ್ಯಾಂಡ್‌ಸ್ಕೇಪ್' ಎಂಬ ಪದಕ್ಕೆ ಕನ್ನಡ ಕೇಳಿದಳು. ಅವರ ಯೋಜನೆಯ ಕಾಗದಗಳಲ್ಲೆಲ್ಲ 'ಭೂದೃಶ್ಯ' ಎಂದಿತ್ತು. ಭೂದೃಶ್ಯವೆಂದರೆ ನೋಡುವವನೊಬ್ಬ ದೂರದಲ್ಲಿ ನಿಂತಿದ್ದಾನೆ ಎಂದಾಯಿತು. ಒಳಗಿರುವವನಿಗೆ ಅದು ದೃಶ್ಯವಲ್ಲ. ನಾನು 'ಸೀಮೆ' ಎಂದೆ. ಅದು ಸಾಲದು ಎನ್ನಿಸಿದ್ದು, ಜನ ತಮ್ಮ ನೆಲವನ್ನು ಏನೇನೆಂದು ಕರೆಯುತ್ತಾರೆಂದು ಪಟ್ಟಿ ಮಾಡಲು ಕುಳಿತಾಗ. ಕಾನು, ಬೆಟ್ಟ, ಬೇಣ, ಹಕ್ಕಲು, ಜಡ್ಡಿ, ತೋಟ, ಗದ್ದೆ, ಗಜನಿ. ಬಯಲುಸೀಮೆಯ ಕನ್ನಡಿಗರಿಗೆ ಬೆಟ್ಟವೆಂದರೆ ಎತ್ತರದ ಗುಡ್ಡ. ನಮ್ಮಲ್ಲಿ ಬೆಟ್ಟವೆಂದರೆ ಅಡಕೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡು. ನೆಲ ಮಟ್ಟಸವಾಗಿದ್ದರೂ ಅದು ಬೆಟ್ಟವೇ. ಒಂದು ಎಕರೆ ತೋಟಕ್ಕೆ ಘಟ್ಟದ ಮೇಲೆ 9 ಎಕರೆಯವರೆಗೆ, ಕೆಳಗೆ 4 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ನಡೆದುಬಂದದ್ದು. ಬೇಣ ದನಗಳ ಹುಲ್ಲಿಗೆ. ಕಾನು ಮಾತ್ರ ಕೊಡಲಿಗೆ ಹೊರತಾದದ್ದು. ಹಳ್ಳದ ಹುಟ್ಟು ಅಲ್ಲಿ, ಕಾಡುಮೆಣಸಿನ ಬಳ್ಳಿ ಅಲ್ಲಿ, ದೇವರ ಕಲ್ಲು ಅಲ್ಲಿ. ಆ ಹಳ್ಳಗಳು ಕೂಡಿ ಹೊಳೆಯಾಗಿ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ಸೀಮೆಯ ಗಜನಿಗಳಲ್ಲಿ ಉಪ್ಪುನೀರನ್ನು ಕೂಡುತ್ತವೆ. ಕಗ್ಗವೆಂಬ ಭತ್ತ ಬೆಳೆಯುವುದು ಆ ಉಪ್ಪುನೀರಿನ ಗದ್ದೆಗಳಲ್ಲಿ. ಮೇಲಿನ ಕಾನಿಗೂ ಕೆಳಗಿನ ಕಗ್ಗಕ್ಕೂ ನಡುವೆ ನೀರಿನ ನಂಟಿದೆ. ಪ್ರತಿಯೊಂದು ಪದದ ಒಳಗೂ ಏನನ್ನು ಕಡಿಯಬಹುದು, ಏನನ್ನು ಕಡಿಯಬಾರದು ಎಂಬ ಕಟ್ಟಳೆ ಅಡಗಿದೆ. ಹಳೆಯ ನಕಾಶೆಗಳಲ್ಲಿ ಇವೆಲ್ಲಕ್ಕೂ ಬಳಿದ ಬಣ್ಣ ಒಂದೇ, ಹಸಿರು. ಪದವೂ ಒಂದೇ, ಅರಣ್ಯ.

ಜಡ್ಡಿಯ ಮಾತು ಬೇರೆಯೇ ಹೇಳಬೇಕು. ರಾಮಪತ್ರೆ ಜಡ್ಡಿಯೆಂದರೆ ವರ್ಷವಿಡೀ ನೀರು ಜಿನುಗುವ ಕಣಿವೆಯ ತಳ. ಅಲ್ಲಿ ಪತ್ರೆಯ ಬಳಗದ ಮರಗಳ ಬೇರುಗಳು ಉಸಿರಿಗಾಗಿ ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ ಮತ್ತೆ ಒಳಗಿಳಿಯುತ್ತವೆ. ಇಂಥ ಜಡ್ಡಿಗಳು ಈಗ ಅಲ್ಲೊಂದು ಇಲ್ಲೊಂದು ಉಳಿದಿವೆ, ಏಕೆಂದರೆ ತೋಟಕ್ಕೂ ಗದ್ದೆಗೂ ಅದಕ್ಕಿಂತ ಒಳ್ಳೆಯ ನೆಲವಿಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಕಂಡ, ಮಾವುಗೇರುಗಳ ಕುಟುಂಬಕ್ಕೆ ಸೇರಿದ ಮರವೊಂದನ್ನು 2000ದಲ್ಲಿ ಸಸ್ಯವಿಜ್ಞಾನಿಗಳು ಹೊಸ ಜಾತಿಯೆಂದು ವರ್ಣಿಸಿ, 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಹೆಸರಿಟ್ಟರು. ಲ್ಯಾಟಿನಿಗೆ ಕನ್ನಡದ ಕತ್ತಲೆ ಹೊಕ್ಕಿದ್ದು ಕಂಡು ನನಗೆ ಆದ ಸಂತೋಷಕ್ಕೆ ಆ ಹುಡುಗಿ ನಕ್ಕಳು.

ಇಂಥದೇ ಒಂದು ಜಡ್ಡಿ ಘಟ್ಟದಂಚಿನ ಹಳ್ಳಿಯೊಂದರಲ್ಲಿದೆ ಎಂದು ಸುದ್ದಿ ತಿಳಿದು ಹೋದೆವು. ಊರಿನ ಹಿರಿಯ ರೈತರೊಬ್ಬರು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಮರಗಳ ಬಗ್ಗೆ ಗಂಟೆಗಟ್ಟಲೆ ಹೇಳಿದರು; ಮಂಗಟ್ಟೆ ಹಕ್ಕಿ ಪತ್ರೆಯ ಬೀಜವನ್ನು ನುಂಗಿ ಎಲ್ಲಿ ಉಗುಳುತ್ತದೆ ಎಂಬುದನ್ನೂ ಹೇಳಿದರು. ಜಡ್ಡಿ ಎಲ್ಲಿದೆ ಎಂದು ಅವಳು ಕೇಳಿದ ಕೂಡಲೇ ಮಾತು ನಿಂತಿತು.

"ಅದು ದೇವರದ್ದು ತಂಗಿ. ತೋರಿಸೂಕೆ ನಾನ್ಯಾರು?"

"ನಾವು ಏನೂ ತೆಗೆದುಕೊಂಡು ಹೋಗುವುದಿಲ್ಲ, ಬರೆದುಕೊಳ್ಳುತ್ತೇವೆ ಅಷ್ಟೇ."

"ಬರಕೊಂಡ್ರೆ ಸಾಕಲ್ಲ. ಬರೆದದ್ದು ಬರೆದವರಿಗೆ ಸೇರ್ತದೆ. ನಮ್ಮಪ್ಪನ ಕಾಲದಲ್ಲಿ ಒಬ್ರು ಬರಕೊಂಡು ಹೋದ್ರು, ಮರುವರ್ಷ ಬೇಲಿ ಬಂತು. ಮಾಸ್ತರೇ, ನೀವು ಓದಿದವರು, ನೀವೇ ಹೇಳಿ."

ನಾನು ಏನನ್ನೂ ಹೇಳಲಿಲ್ಲ. ಆಮೇಲೆ ಶಿರಸಿಗೆ ಬಂದು ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಗ್ರಂಥವನ್ನು ತೆರೆದೆ. 1801ರಲ್ಲಿ ನಮ್ಮ ಜಿಲ್ಲೆಯನ್ನು ಹಾದುಹೋದ ಆತ, ಇಲ್ಲಿಯ ಕಾಡುಗಳು ಊರ ದೇವರ ಸ್ವತ್ತೆಂದೂ, ಮರ ಕಡಿಯಲು ದೇವರ ಪೂಜಾರಿಯೂ ಆದ ಊರ ಗೌಡನ ಅಪ್ಪಣೆ ಬೇಕೆಂದೂ ಬರೆದಿದ್ದಾನೆ. ಒಡನೆಯೇ, ಇದು ಸರ್ಕಾರಕ್ಕೆ ಅದರ ಆಸ್ತಿ ಸಿಗದಂತೆ ಮಾಡಿದ ಹೂಟ ಎಂಬ ಅರ್ಥ ಬರುವ ಟಿಪ್ಪಣಿಯನ್ನೂ ಸೇರಿಸಿದ್ದಾನೆ. ಎರಡು ಶತಮಾನಗಳ ಹಿಂದೆ ಬರೆದುಕೊಂಡು ಹೋದ ಒಬ್ಬನಿಗೆ ಯಾರೋ ಹೇಳಿದ ಮಾತನ್ನೇ ಜಗಲಿಯ ಮೇಲಿನ ಮುದುಕ ನಮಗೂ ಹೇಳಿದ್ದ. ಹೂಟವೇ ಆಗಿದ್ದರೂ ಅದು ಆ ಕಾನನ್ನು ಇಲ್ಲಿಯವರೆಗೆ ಉಳಿಸಿದ ಹೂಟ.

ನಮೂನೆಯ ಹಾಳೆಯಲ್ಲಿ 'ಸ್ಥಳ' ಎಂಬ ಕಾಲಮ್ಮಿದೆ. ಖಾಲಿ ಬಿಡುವಂತಿಲ್ಲ, ಅವಳ ಕೆಲಸದ ಮುಂದುವರಿಕೆ ಎಷ್ಟು ಹಾಳೆ ಪೂರ್ತಿಯಾಯಿತು ಎಂಬ ಲೆಕ್ಕದ ಮೇಲೆ ನಿಂತಿತ್ತು. ಬಸ್ಸಿಗೆ ಕಾಯುತ್ತ ಕುಳಿತಾಗ, "ಇದನ್ನು ಕನ್ನಡದಲ್ಲಿ ಹೇಗೆ ಬರೆಯುವುದು ಸರ್?" ಎಂದಳು. 'ಊರವರ ಅರಿವಿನಲ್ಲಿದೆ' ಎಂದು ನಾನು ಸೂಚಿಸಿದೆ. ಅದು ಪುಸ್ತಕದ ಮಾತಾಯಿತು ಎಂದು ಹೊಡೆದುಹಾಕಿ, 'ಊರವರಿಗೆ ಗೊತ್ತು' ಎಂದು ಬರೆದಳು. ಮೇಲಿನವರು ಅಕ್ಷಾಂಶ ರೇಖಾಂಶ ಕೇಳಿ ಎರಡು ಸಲ ಕಾಗದ ಬರೆದರು. ಎರಡು ಸಲವೂ ಅವಳು ಅದೇ ಉತ್ತರವನ್ನು ಕಳುಹಿಸಿದಳು.

ಇನ್ನು ನನ್ನ ಮನೆಯ ವಿಷಯ. ಅಣ್ಣನ ತೋಟಕ್ಕೆ ಅವಳನ್ನು ಒಂದು ಭಾನುವಾರ ಕರೆದುಕೊಂಡು ಹೋಗಿದ್ದೆ. ತೋಟದ ಕೊನೆಯಲ್ಲಿ, ಹೊಸ ಅಡಕೆ ಮರಗಳ ಸಾಲಿನ ನಡುವೆ, ಅವಳು ಕುಕ್ಕರುಗಾಲಿನಲ್ಲಿ ಕುಳಿತು ಕೆಸರು ಸರಿಸಿದಳು. ಬಾಗಿದ ಮೊಣಕಾಲಿನಂಥ ಒಂದು ಬೇರು, ಒಣಗಿದ್ದು. "ಇಲ್ಲಿ ಜಡ್ಡಿ ಇತ್ತು ಸರ್." ನಮ್ಮ ಆಯಿ ಆ ಮೂಲೆಯನ್ನು ಪತ್ರೆಜಡ್ಡಿ ಎಂದೇ ಕರೆಯುತ್ತಿದ್ದಳು, ಅದು ಬರೀ ಹೆಸರೆಂದು ನಾನು ತಿಳಿದಿದ್ದೆ. 2014ರಲ್ಲಿ ಅಡಕೆಯ ಧಾರಣೆ ಏರಿದಾಗ ತೋಟ ವಿಸ್ತರಿಸಲು ಅಣ್ಣ ಒಪ್ಪಿಗೆ ಕೇಳಿದ್ದ. ಅಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಸಹಿ ಹಾಕಿದೆ, ಖರ್ಚಿಗೆಂದು ಹಣವನ್ನೂ ಕಳಿಸಿದೆ. ಆ ವರ್ಷವೂ ತರಗತಿಯಲ್ಲಿ ವನವರ್ಣನೆಯ ಪಾಠ ಮಾಡಿದ್ದೆ.

ಘಟ್ಟದಂಚಿನ ಆ ಹಳ್ಳಿಯಲ್ಲಿ ಸಮಿತಿಯ ಸಭೆ ಎರಡನೆಯ ಸಲ ಕೂಡಿದಾಗ ನಾನು ಇದನ್ನು ಎಲ್ಲರೆದುರು ಹೇಳಿಬಿಟ್ಟೆ. ಪಂಚಾಯತಿಯ ಕಟ್ಟಡದಲ್ಲಿ ಹೆಂಗಸರು ಒಂದು ಬದಿಗೆ ಸುಮ್ಮನೆ ಕುಳಿತಿದ್ದರು. ಅವರಲ್ಲಿ ಒಬ್ಬಾಕೆ ಕಿಸಕ್ಕನೆ ನಕ್ಕಳು. ಸಭೆ ಮುಗಿದ ಮೇಲೆ ಆ ಹಿರಿಯರು ಹತ್ತಿರ ಬಂದು ಕೇಳಿದ್ದು ಒಂದೇ: "ಅಲ್ಲಿ ನೀರು ಇನ್ನೂ ಜಿನುಗ್ತದೋ ಮಾಸ್ತರೇ?" ಕಾಲುವೆಯಂಚಿನಲ್ಲಿ ಜಿನುಗುತ್ತದೆ ಎಂದೆ. "ಹಂಗಾದ್ರೆ ಮಳೆ ಹಿಡಿಯೋ ಹೊತ್ತಿಗೆ ಬನ್ನಿ. ಬೀಜ ಒಣಗಿದ್ರೆ ಹುಟ್ಟೂದಿಲ್ಲ, ಹಸಿ ಇದ್ದಾಗ್ಲೇ ಹಾಕ್ಬೇಕು."

ಮುಂಗಾರು ಹಿಡಿದ ವಾರ ಇಬ್ಬರೂ ಹೋದೆವು. ಅವಳ ಯೋಜನೆಯ ಅವಧಿ ಅಷ್ಟರಲ್ಲಿ ಮುಗಿದಿತ್ತು. ಅವಳು ಬಂದದ್ದು ತನ್ನ ಖರ್ಚಿನಲ್ಲಿ, ಅಳತೆಪಟ್ಟಿ ಇಲ್ಲದೆ. ಹಿರಿಯರು ಮುಂದೆ, ನಾವು ಹಿಂದೆ. ಆ ಕತ್ತಲೆಯಲ್ಲಿ ಮೊಣಕಾಲೂರಿದ ಬೇರುಗಳ ನಡುವೆ ನಾನು ಬಹಳ ಹೊತ್ತು ನಿಂತಿದ್ದೆ. ಇಪ್ಪತ್ತು ಬೀಜಗಳನ್ನು ಒದ್ದೆ ಪಾಚಿಯಲ್ಲಿ ಸುತ್ತಿ ಕೊಟ್ಟರು. ಅಣ್ಣ ಗೊಣಗುತ್ತಲೇ ಕಾಲುವೆಯಂಚನ್ನು ಬಿಟ್ಟುಕೊಟ್ಟ. ಹನ್ನೊಂದು ಸಸಿಗಳು ಎದ್ದಿವೆ, ಈಗ ಗೇಣುದ್ದ ಇವೆ.

"ಬೀಜ ಎಲ್ಲಿಂದ ತಂದ್ಯೋ ತಮಾ?" ಎಂದು ಅಣ್ಣ ಕೇಳಿದ. ನಾನು ಹೇಳಲಿಲ್ಲ.