ಒಂದು ವಾರದ ಬಿಡಾರ

ಶಾಲೆಗಳಿಗೆ ರಜೆ ಬಂತೆಂದರೆ ಎಲ್ಲಿಗಾದರೂ ಹೋಗಿಬರಬೇಕು ಎಂಬುದು ನಮ್ಮ ಪಟ್ಟಣಗಳ ಮನೆಮನೆಯಲ್ಲಿ ಈಗ ಒಂದು ಕಟ್ಟಳೆಯೇ ಆಗಿದೆ. ಯಾವ ಊರಿಗೆ ಎಂಬುದನ್ನು ಮನೆಮಂದಿಯೆಲ್ಲ ಸೇರಿ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಹೋದ ಮೇಲೆ ಅಲ್ಲಿ ಇರುವ ಬಗೆಯನ್ನು ಕುರಿತು ಮಾತ್ರ ಯಾರೂ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ಬೆಳಗಿನ ಐದು ಗಂಟೆಗೆ ಬಾಡಿಗೆಯ ವ್ಯಾನು, ಹತ್ತಕ್ಕೆ ಒಂದು ದೇವಾಲಯ, ಅಲ್ಲಿ ಇಪ್ಪತ್ತು ನಿಮಿಷ, ಮಧ್ಯಾಹ್ನ ರಸ್ತೆಬದಿಯ ಹೋಟೆಲಿನ ಊಟ, ಸಂಜೆಗೆ ಜೋಗ, ರಾತ್ರಿಗೆ ಇನ್ನೊಂದು ಊರು. ಹಿಂದಿರುಗಿದ ಮೇಲೆ ನೋಡಿದ ಸ್ಥಳಗಳ ಪಟ್ಟಿ ಉದ್ದವಾಗಿರುತ್ತದೆ. ನೆನಪು ಮಾತ್ರ ವ್ಯಾನಿನ ಕಿಟಕಿಯಷ್ಟೇ ಅಗಲ.

ಈ ಹೊತ್ತು ನಾನು ಹೇಳಹೊರಟಿರುವುದು ಬೇರೆಯೊಂದು ಕ್ರಮವನ್ನು. ಒಂದೂರಿನಲ್ಲಿ ಒಂದು ಮನೆಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು, ನಮ್ಮ ಅಡುಗೆಯನ್ನು ನಾವೇ ಮಾಡಿಕೊಂಡು, ಸುತ್ತಲಿನ ಸ್ಥಳಗಳನ್ನು ದಿನಕ್ಕೊಂದರಂತೆ ನೋಡುವುದು. ಇದೇನೂ ಪರದೇಶದಿಂದ ಬಂದ ಹೊಸ ಪದ್ಧತಿಯಲ್ಲ. ನಮ್ಮ ಹಿರಿಯರು ಜಾತ್ರೆಗೆ ಗಾಡಿ ಕಟ್ಟುವಾಗ ಅಕ್ಕಿ, ಬೇಳೆ, ಪಾತ್ರೆಗಳನ್ನು ಹೇರಿಕೊಂಡೇ ಹೊರಡುತ್ತಿದ್ದರು. ಛತ್ರದ ಜಗಲಿಯಲ್ಲೋ ಮರದ ನೆರಳಿನಲ್ಲೋ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದರು. ಅದಕ್ಕೆ ಕನ್ನಡದಲ್ಲಿ ಬಿಡಾರ ಎಂಬ ಸೊಗಸಾದ ಮಾತೇ ಇದೆ. ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಸೀಮೆಯನ್ನು.

ಆ ಸೀಮೆಯಲ್ಲಿ ಮಕ್ಕಳಿಗೆ ಏನಿದೆ ಎಂದು ಕೇಳುವವರಿದ್ದಾರೆ. ಬಿಡದಿಯ ಬಳಿ ಇರುವಂಥ ಥೀಮ್ ಪಾರ್ಕುಗಳಿಗೆ ಹೋಗಿಬಂದ ಮಕ್ಕಳಿಗೆ ಕಲ್ಲಿನ ಗುಡಿ ಹಿಡಿಸೀತೇ ಎಂಬುದು ಅವರ ಶಂಕೆ. ಆ ಪಾರ್ಕುಗಳನ್ನು ನಾನು ಹಳಿಯುವುದಿಲ್ಲ. ನೀರಿನ ಜಾರುಬಂಡೆಯಲ್ಲಿ ಕಿರುಚಿ ನಗುವುದು ಮಕ್ಕಳ ಹಕ್ಕು. ಈಚೆಗೆ ಅಕ್ಕಮಹಾದೇವಿಯ ಹುಟ್ಟೂರಾದ ಉಡುತಡಿಯಲ್ಲಿಯೂ ಅಕ್ಕನ ದೊಡ್ಡ ಪ್ರತಿಮೆ ನಿಂತಿದೆ; ಮಕ್ಕಳು ಅಲ್ಲಿ ಖುಷಿಯಿಂದ ಸುತ್ತಾಡುತ್ತಾರೆ. ಮನೆ, ಅರಮನೆ, ಉಡಿಗೆತೊಡಿಗೆಗಳನ್ನೆಲ್ಲ ಹಿಂದೆ ಬಿಟ್ಟು ನಡೆದವಳ ಊರಿಗೆ ನಾವು ಕುಕ್ಕರು, ಸೌಟುಗಳ ಸಮೇತ ಹೋಗುವುದು ತುಸು ವಿನೋದವೇ ಸರಿ. ಆದರೆ ಪಾರ್ಕಿನಲ್ಲಿ ಟಿಕೆಟು ಕೊಂಡ ಗಳಿಗೆಯಿಂದ ಪ್ರತಿ ನಿಮಿಷಕ್ಕೂ ಬೆಲೆಯಿರುತ್ತದೆ, ಆದ್ದರಿಂದ ಅವಸರವೂ ಇರುತ್ತದೆ. ಬಳ್ಳಿಗಾವೆಯಲ್ಲಿ ಆ ಅವಸರವಿಲ್ಲ. ಅವಸರವನ್ನು ನಾವೇ ಹೊತ್ತೊಯ್ಯದಿದ್ದರೆ ಸಾಕು.

ಬಿಡಾರಕ್ಕೆ ಊರು ಯಾವುದು? ಮನೆ, ಔಷಧದ ಅಂಗಡಿ, ಆಸ್ಪತ್ರೆ, ಬಸ್ಸುಗಳ ಅನುಕೂಲ ನೋಡಿದರೆ ಶಿಕಾರಿಪುರ ಒಳ್ಳೆಯದು. ಸಂಜೆ ಹುಚ್ಚರಾಯಸ್ವಾಮಿಯ ಗುಡಿಯ ಕಡೆ ನಡೆದು ಕೆರೆಯ ಗಾಳಿಗೆ ಕೂರಬಹುದು. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಶಿರಾಳಕೊಪ್ಪದಲ್ಲಿ ಮನೆ ಸಿಕ್ಕರೆ ಇನ್ನೂ ಮೇಲು. ಬಳ್ಳಿಗಾವೆ, ತಾಳಗುಂದಗಳು ಕೈಯಳತೆಯಲ್ಲಿರುತ್ತವೆ. ಹಸಿರು, ತೋಟ, ಮಳೆ ಬೇಕೆನ್ನುವವರು ದಂಡಾವತಿ ನದಿಯ ಸೊರಬಕ್ಕೆ ಹೋಗಲಿ. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯ ದಿನಗಳಲ್ಲಿ ಮಾತ್ರ ಆ ಕಡೆ ಮನೆ ಹುಡುಕುವ ಸಾಹಸ ಬೇಡ.

ಕಾಲದ ವಿಷಯದಲ್ಲಿ ನನ್ನ ಮತ ಖಚಿತವಾದುದು: ದಸರೆಯ ರಜೆ, ಎಂದರೆ ಅಕ್ಟೋಬರ್. ಮಳೆ ಹಿಂದೆಗೆದಿರುತ್ತದೆ, ಕೆರೆಗಳು ತುಂಬಿರುತ್ತವೆ, ಗದ್ದೆಗಳಲ್ಲಿ ತೆನೆ ಕಟ್ಟುತ್ತಿರುತ್ತದೆ. ಬೇಸಿಗೆಯ ರಜೆಯನ್ನು ನಾನು ಬೇಡವೆನ್ನುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊಟ್ಟಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯರ ಪುಸ್ತಕಗಳಲ್ಲಿ ಲೋಕವೆಲ್ಲ ಆ ಜ್ವರವನ್ನು ಕರೆಯುವುದು ಈ ಕಾಡಿನ ಹೆಸರಿನಿಂದಲೇ. ಕಾಡಿನ ಉಣುಗು ಕಚ್ಚುವುದರಿಂದ ಅದು ಮನುಷ್ಯರಿಗೆ ಹತ್ತುತ್ತದೆ. ಡಿಸೆಂಬರಿನಿಂದ ಮೇ ತಿಂಗಳ ತನಕ ಅದರ ಉಪಟಳ ಹೆಚ್ಚು. ಆ ತಿಂಗಳುಗಳಲ್ಲೇ ಹೋಗಬೇಕಾಗಿ ಬಂದರೆ ಕಾಡಿನೊಳಗೆ ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚುವ ಆಸೆಯನ್ನು ಬಿಡಬೇಕು. ಮೈತುಂಬ ಬಟ್ಟೆಯಿರಲಿ, ಮನೆಗೆ ಬಂದೊಡನೆ ಬಟ್ಟೆ ಬದಲಿಸಿ, ಬಿಸಿನೀರು ಮಿಂದು, ಮಕ್ಕಳ ಮೈಯನ್ನು ಒಮ್ಮೆ ನೋಡಿರಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಿಂದಿರುಗಿದ ಕೆಲವು ದಿನಗಳಲ್ಲಿ ಯಾರಿಗಾದರೂ ಜ್ವರ ಬಂದರೆ, ಎಲ್ಲಿ ತಿರುಗಾಡಿ ಬಂದೆವೆಂಬುದನ್ನು ವೈದ್ಯರಿಗೆ ಹೇಳಲು ಮರೆಯಬಾರದು. ರಜೆಯ ಮಾತಿನ ನಡುವೆ ರೋಗದ ಮಾತೇಕೆ ಎನ್ನಬೇಡಿ. ಅಲ್ಲಿಯ ಜನ ಈ ಭಯದೊಡನೆ ಪ್ರತಿವರ್ಷವೂ ಬಾಳುತ್ತಿದ್ದಾರೆ. ಒಂದು ವಾರ ಅವರ ನೆರೆಯವರಾಗಿರುವ ನಾವು ಅಷ್ಟನ್ನಾದರೂ ತಿಳಿದಿರಬೇಕು.

ಇನ್ನು ಮನೆ. ಈಗ ಹೋಮ್‌ಸ್ಟೇ ಎಂಬ ಹೆಸರಿನಲ್ಲಿ ಮಲೆನಾಡಿನ ಉದ್ದಕ್ಕೂ ಮನೆಗಳು ದೊರೆಯುತ್ತವೆ. ಹಲವು ಕಡೆ ಮನೆಯವರೇ ಅಡುಗೆ ಮಾಡಿ ಬಡಿಸುತ್ತಾರೆ. ಅದು ಸುಖವೇ, ಆದರೆ ಅದು ಅತಿಥಿಯ ಸುಖ, ಬಿಡಾರದ್ದಲ್ಲ. ನಮಗೆ ಬೇಕಾದುದು ಒಲೆಯನ್ನು ನಮ್ಮ ಕೈಗೆ ಬಿಡುವ ಮನೆ. ಮುಂಗಡ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ನೀರು ಬಾವಿಯದೋ, ಕೊಳವೆಬಾವಿಯದೋ. ವಿದ್ಯುತ್ತು ಹೋದಾಗ ಅದನ್ನು ಮೇಲೆತ್ತುವ ಬಗೆ ಹೇಗೆ? ಸಿಲಿಂಡರು ತುಂಬಿದೆಯೇ, ನಡುವೆ ಮುಗಿದರೆ ಇನ್ನೊಂದನ್ನು ಕೊಡುವವರು ಯಾರು? ಪಾತ್ರೆಗಳಿವೆ ಎಂದರೆ ಸಾಲದು, ಎಷ್ಟು ಜನರ ಅನ್ನ ಬೇಯುವಷ್ಟು ದೊಡ್ಡವು ಎಂದು ಕೇಳಬೇಕು. ಕೊನೆಯ ಒಂದು ಕಿಲೋಮೀಟರ್ ರಸ್ತೆ ಮಳೆ ಬಂದಾಗ ಹೇಗಿರುತ್ತದೆ ಎಂಬುದು ಬಹಳ ಮುಖ್ಯ. ವೃದ್ಧರಿದ್ದರೆ ಬಚ್ಚಲುಮನೆ ಮಲಗುವ ಕೋಣೆಗೆ ಹತ್ತಿರವಿದೆಯೇ ಎಂದು ವಿಚಾರಿಸಿ. ಭಾವಚಿತ್ರದಲ್ಲಿ ಹೆಂಚಿನ ಮನೆಯ ಅಂದ ಕಾಣುತ್ತದೆ, ರಾತ್ರಿಯ ಕತ್ತಲಲ್ಲಿ ಇಳಿಯಬೇಕಾದ ಮೆಟ್ಟಿಲುಗಳು ಕಾಣುವುದಿಲ್ಲ.

ಊರಿನಿಂದ ಏನನ್ನು ಒಯ್ಯಬೇಕು? ನನ್ನ ಉತ್ತರ: ಬಹಳ ಕಡಮೆ. ಮಸಾಲೆ ಡಬ್ಬಿ, ಹುಳಿಪುಡಿ, ಚಟ್ನಿಪುಡಿ, ಹರಿತವಾದ ಒಂದು ಚಾಕು, ಬತ್ತಿಬೆಂಕಿಪೊಟ್ಟಣ, ಕೈದೀಪ, ಸೊಳ್ಳೆಪರದೆ. ಜೊತೆಗೆ ಮೊದಲ ರಾತ್ರಿಗೆಂದು ಎರಡು ಸೇರು ಅವಲಕ್ಕಿ. ದಣಿದು ಬಂದವರು ಆ ರಾತ್ರಿ ಅಪರಿಚಿತವಾದ ಒಲೆಯೊಡನೆ ಹೋರಾಡಬಾರದು. ಉಳಿದುದೆಲ್ಲ ಅಲ್ಲಿಯ ಅಂಗಡಿಬೀದಿಯಲ್ಲಿ ಸಿಗುತ್ತದೆ. ಕೊಳ್ಳುವುದೇ ಪ್ರವಾಸದ ಅರ್ಧ ಎಂದು ನಾನು ಎಣಿಸುತ್ತೇನೆ. ಸಂತೆಯ ದಿನ ಯಾವುದೆಂದು ಇಳಿದ ದಿನವೇ ಕೇಳಿಕೊಳ್ಳಿ. ಚೀಲ ಹಿಡಿದು ಸಂತೆಯಲ್ಲಿ ನಿಂತವನನ್ನು ಊರು ಮಾತನಾಡಿಸುತ್ತದೆ. ಕ್ಯಾಮರಾ ಹಿಡಿದು ನಿಂತವನನ್ನು ನೋಡಿ ಸುಮ್ಮನಾಗುತ್ತದೆ. ಈ ಸೊಪ್ಪಿನ ಹೆಸರೇನು, ಇದನ್ನು ಹೇಗೆ ಮಾಡುತ್ತಾರೆ ಎಂದು ಕೇಳಿದರೆ ಮಾರುವ ಹೆಂಗಸು ಸೊಪ್ಪಿನ ಜೊತೆಗೆ ಅಡುಗೆಯ ಪಾಠವನ್ನೂ ಕೊಡುತ್ತಾಳೆ. ಒಂದೆಲಗದ ತಂಬುಳಿ, ಅಕ್ಕಿರೊಟ್ಟಿ, ಅದಕ್ಕೆ ಜೋನಿಬೆಲ್ಲ. ಊಟಕ್ಕೆ ಅಪ್ಪೆಮಿಡಿಯ ಉಪ್ಪಿನಕಾಯಿ. ಇಷ್ಟು ಕೂಡಿದರೆ ಯಾವ ಹೋಟೆಲಿನ ಪಟ್ಟಿಯೂ ನೆನಪಿಗೆ ಬಾರದು.

ಇಲ್ಲಿ ಒಂದು ಮಾತನ್ನು ಗಂಡಸರ ಕಿವಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಈ ಕ್ರಮದಲ್ಲಿ ಒಂದು ದೊಡ್ಡ ಅಪಾಯವಿದೆ. ಮನೆಯ ಹೆಂಗಸರನ್ನು ಒಂದು ಅಡುಗೆಮನೆಯಿಂದ ಎಬ್ಬಿಸಿ, ಇನ್ನೂರು ಮೈಲಿ ಕರೆದೊಯ್ದು, ಅನುಕೂಲ ಕಡಮೆಯಿರುವ ಇನ್ನೊಂದು ಅಡುಗೆಮನೆಯಲ್ಲಿ ನಿಲ್ಲಿಸುವುದಾದರೆ ಅದಕ್ಕೆ ರಜೆ ಎಂಬ ಹೆಸರು ಸಲ್ಲದು. ನಾವೆಲ್ಲ ಕೂಡಿ ಆ ಕಡೆ ಬಿಡಾರ ಹೂಡಿದಾಗ ನಮ್ಮ ಮನೆಯವರು ಹೊರಡುವ ಮೊದಲೇ ಷರತ್ತು ಹಾಕಿದರು: ರಾತ್ರಿಯ ಅಡುಗೆ, ಪಾತ್ರೆ ತೊಳೆಯುವುದು ಎರಡೂ ಗಂಡಸರ ಪಾಲು. ಅಳಿಯಂದಿರು ನಗುತ್ತ, "ಮಾವನವರೇ, ಹೆಚ್ಚುವ ಕೆಲಸ ನಿಮಗಿರಲಿ, ಒಲೆ ನನಗೆ ಬಿಡಿ" ಎಂದರು. ಹುಳಿ ಒಂದು ದಿನ ತೆಳ್ಳಗಾಯಿತು, ಒಂದು ದಿನ ಗಟ್ಟಿಯಾಯಿತು. ಯಾರೂ ಉಪವಾಸ ಮಲಗಲಿಲ್ಲ. ಆ ಹೊತ್ತಿನಲ್ಲಿ ಅತ್ತೆ, ಮಗಳು, ಸೊಸೆ ಜಗಲಿಯಲ್ಲಿ ಕುಳಿತು ಹರಟುತ್ತಿದ್ದರು. ಷರತ್ತು ಮೊದಲೇ ಆಗಿರಬೇಕು, ಬಾಯಿಬಿಟ್ಟು ಆಗಿರಬೇಕು. ಆಗದಿದ್ದರೆ ಹೋಟೆಲಿನ ಪ್ರವಾಸವೇ ನ್ಯಾಯವಾದುದು.

ಅಡುಗೆಯ ಮಾತನ್ನು ಹಿಡಿದೇ ಬಳ್ಳಿಗಾವೆಗೆ ಹೋಗೋಣ. ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ, ಅಲ್ಲಮಪ್ರಭುವಿನ ಹುಟ್ಟೂರೆಂದು ಹೆಸರಾದ ಈ ಊರಿಗೆ ಬರುವವರು ಸಾಮಾನ್ಯವಾಗಿ ಕೇದಾರೇಶ್ವರ ದೇವಾಲಯವನ್ನು ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಬಿಡಾರದಿಂದ ಬಂದವರಿಗೆ ಇಡೀ ದಿನವಿದೆ. ಬೆಳಿಗ್ಗೆ ಕೇದಾರೇಶ್ವರ: ಮೂರು ಗರ್ಭಗುಡಿಗಳು, ಎರಡರಲ್ಲಿ ಲಿಂಗ, ಒಂದರಲ್ಲಿ ವಿಷ್ಣು. ಮನೆಯಿಂದ ತಂದ ಬುತ್ತಿಯನ್ನು ಸ್ಮಾರಕದ ಆವರಣದ ಹೊರಗೆ ಉಂಡು, ಬಿಸಿಲು ಇಳಿದ ಮೇಲೆ ತ್ರಿಪುರಾಂತಕೇಶ್ವರ. ಅಲ್ಲಿಯ ಕಲ್ಲಿನ ಪಟ್ಟಿಕೆಗಳಲ್ಲಿ ಪಂಚತಂತ್ರದ ಕಥೆಗಳಿವೆ. ದುರ್ಗಸಿಂಹ ಆ ಕಥೆಗಳನ್ನು ಕನ್ನಡಕ್ಕೆ ತಂದದ್ದೂ ಅದೇ ಹನ್ನೊಂದನೆಯ ಶತಮಾನದಲ್ಲಿ, ಅದೇ ಚಾಲುಕ್ಯರ ಆಶ್ರಯದಲ್ಲಿ. ಹಿಂದಿನ ರಾತ್ರಿ ಮಕ್ಕಳಿಗೆ ಆಮೆ ಹಂಸಗಳ ಕಥೆ, ಕೋತಿ ಮೊಸಳೆಗಳ ಕಥೆ ಹೇಳಿ ಮಲಗಿಸಿರಿ. ಮರುದಿನ ಕಲ್ಲಿನಲ್ಲಿ ಕಥೆ ಹುಡುಕುವ ಕೆಲಸವನ್ನು ಅವರಿಗೇ ಬಿಡಿ. ಟಿಕೆಟಿಲ್ಲದ ಆ ಆಟ ಗಂಟೆಗಟ್ಟಲೆ ನಡೆಯುತ್ತದೆ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವನ್ನು ತೋರಿಸಿ, ಈ ಎರಡು ತಲೆಯ ಹಕ್ಕಿಯನ್ನು ಇನ್ನೆಲ್ಲಿ ಕಂಡಿದ್ದೀರಿ ಎಂದರೆ, ಸರ್ಕಾರಿ ಬಸ್ಸಿನ ಮೇಲೆ ಎಂಬ ಉತ್ತರ ಕೂಡಲೇ ಬರುತ್ತದೆ.

ಕೇದಾರೇಶ್ವರಕ್ಕೆ ಹೊಂದಿದ್ದ ಕೋಡಿಯ ಮಠವನ್ನು ವರ್ಣಿಸುವ ಒಂದು ಶಾಸನವಿದೆ. 1162ರದು, ಕಳಚುರ್ಯ ಬಿಜ್ಜಳನ ಕಾಲದ್ದು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳನ್ನು ಅಲ್ಲಿ ಕಲಿಸುತ್ತಿದ್ದರೆಂದು ಹೇಳಿದ ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರು. ನಾನಾ ದೇಶಗಳಿಂದ ಬಂದ ನಾನಾ ಮತದ ಭಿಕ್ಷುಕರು: ಇವರೆಲ್ಲರಿಗೂ ಅದು ಅನ್ನದ ತಾಣ, ರೋಗಿಗಳಿಗೆ ಮದ್ದಿನ ತಾಣ ಎಂದು ಸಾರುತ್ತದೆ. ನಲವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳುವಾಗ ನಾನು ಈ ಶಾಸನದ ವಿದ್ಯೆಗಳ ಪಟ್ಟಿಗೇ ಒತ್ತು ಕೊಡುತ್ತಿದ್ದೆ. ಪರೀಕ್ಷೆಗೆ ಬರುತ್ತಿದ್ದುದೂ ಅದೇ. ಅಂಗಡಿಯಿಂದ ಅಕ್ಕಿ ಹೊತ್ತು ತಂದು, ಎಂಟು ಜನಕ್ಕೆ ಬೇಯಿಸಿ ಬಂದವನಾಗಿ ಅಲ್ಲಿ ನಿಂತಾಗ ಅನ್ನದ ಪಟ್ಟಿ ಎದ್ದು ಕಂಡಿತು. ದಿನದಿನವೂ ಅಷ್ಟು ಜನಕ್ಕೆ ಅಕ್ಕಿ ಎಲ್ಲಿಂದ ಬಂತು, ಸೌದೆ ಯಾರು ಸೀಳಿದರು, ಮುಸುರೆ ಯಾರು ತೊಳೆದರು? ಶಾಸನ ದಾನಿಗಳ ಹೆಸರನ್ನೂ ಆಚಾರ್ಯರ ಹೆಸರನ್ನೂ ಹೇಳುತ್ತದೆ. ಅಡುಗೆಯವರ ಹೆಸರನ್ನು ಹೇಳುವುದಿಲ್ಲ.

ಮಿಕ್ಕ ಸ್ಥಳಗಳಲ್ಲಿ ತಾಳಗುಂದಕ್ಕೆ ಅರ್ಧ ದಿನ ಸಾಕು. ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನವಿದೆ. ಓದಲೆಂದು ಕಂಚಿಗೆ ಹೋಗಿ, ಜಗಳವಾಡಿ, ಕತ್ತಿ ಹಿಡಿದು ಅರಸನಾದ ಮಯೂರಶರ್ಮನ ಕಥೆ ನಮಗೆ ದೊರೆತದ್ದು ಅದರಿಂದಲೇ. ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನೂ ಅದು ಹೇಳುತ್ತದೆ. ಬಂದಳಿಕೆಗೆ ಹೋಗುವವರು ನೀರು, ತಿಂಡಿ ಎರಡನ್ನೂ ಕಟ್ಟಿಕೊಳ್ಳಿ. ಗಂಡನ ಮರಣಾನಂತರ ನಾಗರಖಂಡದ ಆಡಳಿತ ವಹಿಸಿಕೊಂಡು, ಕೊನೆಗೆ ಅದೇ ಬಂದಳಿಕೆಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜಕ್ಕಿಯಬ್ಬೆಯ ನೆನಪು ಹತ್ತನೆಯ ಶತಮಾನದ ಆರಂಭದ ಶಾಸನದಲ್ಲಿ ಉಳಿದಿದೆ. ಆನವಟ್ಟಿಯ ಕಡೆ ಕುಬಟೂರಿನ ಕೈಟಭೇಶ್ವರ. ಗಡಿ ದಾಟಿದರೆ ಬನವಾಸಿ.

ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರದ ಗುಡವಿ ಪಕ್ಷಿಧಾಮಕ್ಕೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಮಳೆಗಾಲದಲ್ಲಿ ಕೆರೆಯ ಮರಗಳಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲುಗಳ ಗಲಾಟೆ ದಸರೆಯ ಹೊತ್ತಿಗೆ ಇನ್ನೂ ನಿಂತಿರುವುದಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಹೊರಡುವ ಸ್ವಾತಂತ್ರ್ಯ ಒಲೆ ನಮ್ಮದಾಗಿದ್ದರೆ ಮಾತ್ರ. ಹೋಟೆಲಿನ ಅಡುಗೆಮನೆ ಆ ಹೊತ್ತಿಗೆ ಏಳುವುದಿಲ್ಲ. ಆ ವಾರದಲ್ಲಿ ಸೀಗೆ ಹುಣ್ಣಿಮೆ ಬಂದರಂತೂ ನಿಮ್ಮ ಪುಣ್ಯ. ಅಲ್ಲಿಯವರಿಗೆ ಅದು ಭೂಮಿ ಹುಣ್ಣಿಮೆ. ತೆನೆ ಕಟ್ಟಿದ ಗದ್ದೆ ಗರ್ಭಿಣಿ. ಅವಳ ಬಯಕೆ ತೀರಿಸಬೇಕೆಂದು ದೀವರ ಮನೆಗಳಲ್ಲಿ ರಾತ್ರಿಯಿಡೀ ಬಗೆಬಗೆಯ ಅಡುಗೆಯಾಗುತ್ತದೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಹೆಂಗಸರು ಬರೆದ ಚಿತ್ತಾರದ ಅಂದವನ್ನು ಕಂಡೇ ತಿಳಿಯಬೇಕು. ಆ ಬುಟ್ಟಿಯಲ್ಲಿ ಎಡೆ ಹೊತ್ತು ನಸುಕಿನಲ್ಲಿ ಗದ್ದೆಗೆ ಹೋಗುತ್ತಾರೆ. ಇದು ಪ್ರದರ್ಶನವಲ್ಲ, ಮನೆಯ ಪೂಜೆ. ವಾರದಿಂದ ಆ ಬೀದಿಯಲ್ಲಿದ್ದು ಹಾಲು, ಸೊಪ್ಪು ಕೊಂಡ ನೆರೆಯವರಾದರೆ ಅವರೇ ಕರೆಯುತ್ತಾರೆ. ಕರೆದರೆ ಹೋಗಿ, ಕರೆಯದಿದ್ದರೆ ದೂರದಿಂದ ಕೈಮುಗಿಯಿರಿ.

ಹೊರಡುವ ದಿನ ಅಡುಗೆಮನೆಯನ್ನು ಬಂದಾಗ ಇದ್ದಂತೆ ತೊಳೆದಿಡಿ. ಪ್ಲಾಸ್ಟಿಕ್ಕಿನ ಕಸವನ್ನು ತೋಟದ ಮೂಲೆಗೆ ಎಸೆಯದೆ ಪಟ್ಟಣಕ್ಕೇ ತನ್ನಿ. ಮಿಕ್ಕ ಬೇಳೆ, ಎಣ್ಣೆಗಳನ್ನು ಮನೆ ನೋಡಿಕೊಳ್ಳುವವರಿಗೆ ಕೊಟ್ಟುಬಿಡಿ. ರೈಲಿನಲ್ಲಿ ಮರಳುವವರು ಸೊರಬದಿಂದ ಸಾಗರಕ್ಕೆ ಬಂದು ಹತ್ತಬಹುದು. ಅಲ್ಲಿಯ ರೈಲಿನ ಕೊನೆಯ ನಿಲ್ದಾಣದ ಹೆಸರು ತಾಳಗುಪ್ಪ. ಕದಂಬರ ಶಾಸನವಿರುವ ತಾಳಗುಂದ ಬೇರೆ, ಅದಿರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಹೆಸರು ಕೇಳಿ ಅಲ್ಲಿಗೆ ಟಿಕೆಟು ತೆಗೆಸುವವರು ಇಳಿಯುವುದು ಜೋಗದ ಹಾದಿಯಲ್ಲಿ.