ಬೇಸಿಗೆಯ ಮನೆಕೂಟಗಳು



ಬೇಸಿಗೆಯ ರಜೆ ಬಂದಿತೆಂದರೆ ಬೆಂಗಳೂರು, ಪುಣೆಗಳಲ್ಲಿ ನೌಕರಿಗಿರುವ ಮಕ್ಕಳು, ಅವರ ಮಕ್ಕಳು, ಬೀಗರು, ಬಿಜ್ಜರು ಎಲ್ಲರೂ ಗುತ್ತಲದಂತಹ ಊರುಗಳ ಹಳೆಯ ಮನೆಗಳಿಗೆ ಬಂದಿಳಿಯುತ್ತಾರೆ. ಬಂದವರನ್ನು ನೆರೆಹೊರೆಯವರೊಡನೆ ಕೂಡಿಸಿ ಒಂದು ಸಂತೋಷಕೂಟ ನಡೆಸಬೇಕೆಂಬುದು ಗೃಹಸ್ಥರಿಗೆ ಸಹಜವಾದ ಆಸೆ. ಇಂದಿನ ತರುಣರು ಇಂತಹ ಕೂಟಕ್ಕೆ ‘ಥೀಮ್ ಪಾರ್ಟಿ’ ಎನ್ನುತ್ತಾರೆ. ಆ ದಿನಕ್ಕೊಂದು ವಸ್ತುವನ್ನು ಗೊತ್ತುಮಾಡಿ, ಊಟ, ಉಡುಗೆ, ಆಟ, ಅಲಂಕಾರಗಳನ್ನೆಲ್ಲ ಅದಕ್ಕೆ ಹೊಂದಿಸುವುದು ಇದರ ಕ್ರಮ. ಬಣ್ಣದ ಕಾಗದವನ್ನೂ ಬಲೂನುಗಳನ್ನೂ ಬದಿಗಿಟ್ಟು ನೋಡಿದರೆ ಇದೇನೂ ನಮಗೆ ಹೊಸದಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ, ಕೊನೆಯದು ಕ್ರೀಡಾವಿಂಶತಿ. ಉಯ್ಯಾಲೆಯಾಡುವುದಕ್ಕೆ ಆಂದೋಳನ ಕ್ರೀಡೆ, ನೀರಾಟಕ್ಕೆ ತೋಯ ಕ್ರೀಡೆ, ಮರಳಿನಲ್ಲಿ ಆಡುವುದಕ್ಕೆ ವಾಲುಕಾ ಕ್ರೀಡೆ, ಬೆಳದಿಂಗಳಿಗೆ ಜ್ಯೋತ್ಸ್ನಾ ಕ್ರೀಡೆ, ಒಗಟುಗಳಿಗೆ ಪ್ರಹೇಲಿಕಾ ಕ್ರೀಡೆ. ಒಂದೊಂದು ಕೂಟಕ್ಕೂ ಒಂದೊಂದೇ ವಸ್ತು. ಸಸ್ಯ ಕ್ರೀಡೆಯೆಂಬ ಹೆಸರು ಕಂಡಾಗ ನನಗೆ ನಮ್ಮ ಎರೆಹೊಲಗಳ ಸೀತನಿಯ ನೆನಪಾಗುತ್ತದೆ. ಆದರೆ ಅದು ಚಳಿಗಾಲದ ಮಾತು, ಇಲ್ಲಿ ಬೇಡ. ನಮ್ಮ ಗುತ್ತಲವು ಆ ಕಾಲದಲ್ಲಿ ಗುತ್ತವೊಳಲು. ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡ ಗುತ್ತ ಅರಸರು ಚಾಲುಕ್ಯರ ಮಾಂಡಲಿಕರಾಗಿ ಇಲ್ಲಿಂದ ಆಳಿದರು. ಚೌಡದಾನಪುರದ ಮುಕ್ತೇಶ್ವರ ಗುಡಿಯ ಬಳಿ ತುಂಗಭದ್ರೆಯ ದಡದಲ್ಲಿ ನಿಂತವರಿಗೆ, ಒಡೆಯನ ಗ್ರಂಥದ ವಾಲುಕಾ ಕ್ರೀಡೆಯನ್ನು ಈ ಮಾಂಡಲಿಕರೂ ಆಡಿರಬಹುದೆಂದು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಇಂದು ಆ ನದಿಯ ಮರಳು ಲಾರಿ ಏರಿ ಊರೂರಿಗೆ ಹೋಗುತ್ತದೆ.

ಆದರೆ ರಾಜರ ಕೂಟಕ್ಕೂ ಮನೆಯ ಕೂಟಕ್ಕೂ ಒಂದು ವ್ಯತ್ಯಾಸವುಂಟು. ರಾಜನು ಯಾರನ್ನು ಕರೆಯಬೇಕೆಂಬ ಚಿಂತೆ ಮಾಡಬೇಕಾಗಿಲ್ಲ. ಅರಮನೆಯೇ ಅದನ್ನು ನಿರ್ಧರಿಸಿರುತ್ತದೆ. ನಮ್ಮ ಮನೆಗಳಲ್ಲಿ ಅದೇ ಮೊದಲ ಪ್ರಶ್ನೆ. ಕೂಟದ ವಸ್ತು ಯಾವುದೆಂದು ನಿಶ್ಚಯವಾದೊಡನೆಯೇ ಯಾರು ಬರಬಹುದು, ಯಾರು ಬರಬಾರದು ಎಂಬುದೂ ಅನೇಕ ವೇಳೆ ನಿಶ್ಚಯವಾಗಿಬಿಡುತ್ತದೆ.

ಚೈತ್ರಗೌರಿಯನ್ನೇ ನೋಡಿ. ಚೈತ್ರ ಶುದ್ಧ ತದಿಗೆಯಿಂದ ಅಕ್ಷಯ ತೃತೀಯೆಯವರೆಗೆ ಒಂದು ತಿಂಗಳ ಕಾಲ ಗೌರಿಯನ್ನು ಪುಟ್ಟ ತೊಟ್ಟಿಲಲ್ಲೋ ಉಯ್ಯಾಲೆಯಲ್ಲೋ ಕೂರಿಸಿ, ತಮಗೆ ಅನುಕೂಲವಾದ ಒಂದು ಸಂಜೆ ಅರಿಷಿಣ-ಕುಂಕುಮಕ್ಕೆ ಕರೆಯುವುದು ನಮ್ಮ ಕಡೆಯ ಹಲವು ಮನೆಗಳ ಪದ್ಧತಿ. ಸೋಮೇಶ್ವರನ ಆಂದೋಳನ ಕ್ರೀಡೆ ದೇವರ ಕೋಣೆಗೆ ಬಂದು ನಿಂತಂತೆ. ಮಾವಿನಕಾಯಿ ತುರಿದು ಹಾಕಿದ ಕೋಸಂಬರಿ, ಬೆಲ್ಲದ ಪಾನಕ, ಉಡಿಗೆ ನೆನೆಸಿದ ಕಡಲೆ. ಗಂಡನ ಹೆಸರನ್ನು ಒಡಪಿನಲ್ಲಿ ಹೆಣೆದು ಹೇಳಬೇಕು. ಹೇಳದವರನ್ನು ಬಾಗಿಲು ದಾಟಗೊಡುವುದಿಲ್ಲ. ಇದಕ್ಕಿಂತ ಸೊಗಸಾದ ಬೇಸಿಗೆಯ ಕೂಟವನ್ನು ನಾನು ಕಂಡಿಲ್ಲ. ಇದಕ್ಕಿಂತ ನಿಷ್ಠುರವಾದದ್ದನ್ನೂ ಕಂಡಿಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ನಮ್ಮ ಮಾವನವರ ಅಕ್ಕ ಇದ್ದರು. ಎಲ್ಲರಿಗೂ ಅವರು ‘ಅತ್ಯಾ’. ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವರು. ಚೈತ್ರಗೌರಿಯ ದಿನ ಕಡಲೆ ನೆನೆಸುವವರು ಅವರು, ಮಾವಿನಕಾಯಿ ತುರಿಯುವವರು ಅವರು, ಪಾನಕಕ್ಕೆ ಏಲಕ್ಕಿ ಕುಟ್ಟುವವರೂ ಅವರೇ. ಸಂಜೆ ಮುತ್ತೈದೆಯರು ಬರುವ ಹೊತ್ತಿಗೆ ಅಡಿಗೆಮನೆಯ ಬಾಗಿಲು ಅರೆ ಮುಚ್ಚಿಕೊಳ್ಳುತ್ತಿತ್ತು. ಯಾರೂ ಮುಚ್ಚೆಂದು ಹೇಳುತ್ತಿರಲಿಲ್ಲ. ಒಳಗಿನಿಂದ ಪಾನಕದ ಲೋಟಗಳು ತಟ್ಟೆಯಲ್ಲಿ ತುಂಬಿ ಬರುತ್ತಿದ್ದವು, ಬರಿದಾಗಿ ಹೋಗುತ್ತಿದ್ದವು. ವಿಚಿತ್ರವೆಂದರೆ, ಅದೇ ತಿಂಗಳು ರಾಮನವಮಿಯ ದಿನ ಬೀದಿಯ ಚಪ್ಪರದಲ್ಲಿ ಅದೇ ಬೆಲ್ಲದ ಪಾನಕವನ್ನು ದಾರಿಹೋಕರಿಗೆಲ್ಲ ಹಂಚುತ್ತಾರೆ. ಅಲ್ಲಿ ಲೋಟ ನೀಡುವವನು ಯಾರ ಹಣೆಯನ್ನೂ ನೋಡುವುದಿಲ್ಲ.

ಅತ್ಯಾ ಅವರನ್ನು ನೋಡಬೇಕಾದದ್ದು ಶಾವಿಗೆಯ ದಿನ. ಅದೂ ಬೇಸಿಗೆಯ ಕೂಟವೇ, ಆದರೆ ಯಾರೂ ಅದನ್ನು ಹಾಗೆ ಕರೆಯಲಿಲ್ಲ. ಬಿಸಿಲು ಬಲಿತ ಮೇಲೆ ಓಣಿಯ ಹತ್ತು-ಹನ್ನೆರಡು ಮನೆಗಳ ಹೆಂಗಸರು ಸರದಿಯಂತೆ ಒಂದೊಂದು ಮನೆಯಲ್ಲಿ ಸೇರುವರು. ಹದವಾಗಿ ನಾದಿದ ಕಣಕ, ಶಾವಿಗೆಯ ಮಣೆ, ಎಳೆಗಳನ್ನು ಹರವಲು ಸಾಲಾಗಿ ಕಟ್ಟಿದ ಕೋಲುಗಳು. ಹೊಸೆಯುವ ಕೈಗೆ ಬೇಕಾದದ್ದು ಹದ, ಹಣೆಯ ಕುಂಕುಮವಲ್ಲ. ಹಿಟ್ಟಿನ ಹದ ಹೇಳುವುದರಲ್ಲಿ ಅತ್ಯಾ ಅವರಿಗೆ ಸಮನಾದವರು ಆ ಓಣಿಯಲ್ಲಿರಲಿಲ್ಲವಾದ್ದರಿಂದ ಅಂದಿನ ಯಜಮಾನಿಕೆ ಅವರದೇ. ಹಾಡು ಅವರದು, ಒಗಟು ಅವರದು, ನಡುವೆ ಕಿರಿಯರಿಗೆ ಬೈಗುಳವೂ ಅವರದು. ಪ್ರಹೇಲಿಕಾ ಕ್ರೀಡೆಯೆಂದರೇನೆಂಬುದನ್ನು ನಾನು ಎಂ.ಎ. ತರಗತಿಯಲ್ಲಿ ಓದಿ ತಿಳಿದದ್ದಕ್ಕಿಂತ ಆ ಮಾಳಿಗೆಯ ಮೇಲೆ ಕೇಳಿ ತಿಳಿದದ್ದೇ ಹೆಚ್ಚು. ಮೊದಲ ದಿನದ ಶಾವಿಗೆಯನ್ನು ಬೇಯಿಸಿ ಬಸಿದು, ಮೇಲೆ ಮಾವಿನ ಸೀಕರಣೆ ಸುರಿದು ಎಲ್ಲರೂ ಒಟ್ಟಿಗೆ ಉಣ್ಣುವುದು ವಾಡಿಕೆಯಾಗಿತ್ತು.

ಇವೆರಡನ್ನೂ ಕಂಡ ಮೇಲೆ ನಮ್ಮ ಮನೆಯ ಬೇಸಿಗೆಯ ಕೂಟವನ್ನು ಯಾವ ವಸ್ತುವಿನ ಮೇಲೆ ಕಟ್ಟಬೇಕೆಂಬ ವಿಷಯದಲ್ಲಿ ನನಗೆ ಸಂದೇಹ ಉಳಿಯಲಿಲ್ಲ. ಗೌರಿಯ ಪೂಜೆಯನ್ನು ಬಿಡಲಿಲ್ಲ. ಅದು ಬೆಳಿಗ್ಗೆ ಮನೆಯವರಷ್ಟಕ್ಕೆ ಆಗುತ್ತದೆ. ಹತ್ತು ಜನರನ್ನು ಕರೆಯುವುದು ಮಾತ್ರ ಹಣ್ಣಿನ ಹೆಸರಿನಲ್ಲಿ, ಇಲ್ಲವೆ ಹುಣ್ಣಿಮೆಯ ಹೆಸರಿನಲ್ಲಿ. ಮೊದಲ ವರ್ಷ ನಮ್ಮ ಅತ್ತೆಯವರು, “ಕುಂಕುಮಕ್ಕ ಕರೀಲಿಲ್ಲಂದ್ರ ಮಂದಿ ಏನಂತಾರ?” ಎಂದು ಅಳುಕಿದರು. ಅತ್ಯಾ ಏನೂ ಹೇಳಲಿಲ್ಲ. ಎಲೆ ಹಾಕುವ ಹೊತ್ತಿಗೆ, “ನಾ ಒಳಗ ಇರ್ತೀನಿ, ನೀವು ಕೂಡ್ರಿ” ಎಂದರು. ಪಕ್ಕದ ಮನೆಯ ಹಿರಿಯ ಮುತ್ತೈದೆಯೊಬ್ಬರು, ನನಗಿಂತ ಮೊದಲೇ ಎದ್ದು ಹೋಗಿ, ಕೈ ಹಿಡಿದು ಕರೆತಂದು ತಮ್ಮ ಬಳಿ ಕೂರಿಸಿಕೊಂಡರು. ಮಂದಿ ಅಂದದ್ದು ಅಷ್ಟೇ.

ಸೀಕರಣೆಯ ವಿಷಯವಾಗಿ ಎರಡು ಮಾತು ಹೇಳಲೇಬೇಕು. ಧಾರವಾಡದ ಆಪೂಸನ್ನು ಹೊಗಳುವವರ ಜೊತೆ ನನ್ನ ಜಗಳವಿಲ್ಲ. ಆದರೆ ಸೀಕರಣೆಗೆ ರಸ ಸುರಿಯುವ ನಾಟಿ ಹಣ್ಣು ನಾಲ್ಕಾದರೂ ಬೆರೆಯಬೇಕು. ಹಣ್ಣುಗಳನ್ನು ಎರಡು ತಾಸು ತಣ್ಣೀರಿನಲ್ಲಿ ಮುಳುಗಿಸಿಟ್ಟು, ಅನಂತರ ಕೈಯಿಂದಲೇ ಹಿಂಡಬೇಕು. ಮಿಕ್ಸರಿಗೆ ಹಾಕಿದ ರಸ ನೊರೆಯಾಗುತ್ತದೆ, ರುಚಿ ತೆಳುವಾಗುತ್ತದೆ. ಬೆಲ್ಲ ಸ್ವಲ್ಪ, ಉಪ್ಪು ಒಂದು ಚಿಟಿಕೆ, ಏಲಕ್ಕಿ ಧಾರಾಳ. ಏಲಕ್ಕಿ ಮಾಲೆಗೆ ಹೆಸರಾದ ಹಾವೇರಿಯ ಪಕ್ಕದಲ್ಲಿದ್ದು ಅದಕ್ಕೆ ಜಿಪುಣತನ ಮಾಡಬಾರದು. ಹಣ್ಣು ಹಿಂಡುವ ಕೆಲಸ ಮಕ್ಕಳದು. ಮೊಣಕೈವರೆಗೆ ರಸ ಇಳಿಸಿಕೊಂಡ ಮೇಲೆ ಅವರಿಗೆ ಬೇರೆ ಆಟ ಹುಡುಕಬೇಕಾಗಿಲ್ಲ.

ಬೆಳದಿಂಗಳ ಊಟಕ್ಕೆ ನಾವು ಆಯ್ದುಕೊಂಡದ್ದು ವೈಶಾಖದ ಆಗಿ ಹುಣ್ಣಿಮೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಮೂಡುತ್ತಾನೆ. ಮರುದಿನ ಮುಕ್ಕಾಲು ಗಂಟೆಗೂ ಹೆಚ್ಚು ತಡ, ಅದರ ಮರುದಿನ ಇನ್ನೂ ತಡ. ಭಾನುವಾರದ ಅನುಕೂಲ ನೋಡಿ ಎರಡು ದಿನ ಮುಂದೂಡಿದವರು ಕತ್ತಲೆಯಲ್ಲಿ ಕಾಯಬೇಕಾಗುತ್ತದೆ. ಭರಣಿ, ಕೃತ್ತಿಕೆಗಳ ಗುಡುಗುಮಳೆಯ ಭಯ ಇದ್ದೇ ಇದೆ. ಮಾಳಿಗೆಯಿಂದ ಪಡಸಾಲೆಗೆ ಪಾತ್ರೆ ಇಳಿಸಲು ನಾಲ್ಕು ಗಟ್ಟಿ ಕೈಗಳನ್ನು ಗೊತ್ತುಮಾಡಿಟ್ಟಿರಬೇಕು. ಎಲ್ಲರೂ ತಮ್ಮ ತಮ್ಮ ಬುತ್ತಿ ತರುವುದು ನಿಯಮ. ಹಿಂದೆ ಬುತ್ತಿ ತರುತ್ತಿದ್ದುದಕ್ಕೆ ಒಬ್ಬರದನ್ನೊಬ್ಬರು ಉಣ್ಣಬಾರದೆಂಬ ಕಾರಣವೂ ಇತ್ತು. ನಮ್ಮಲ್ಲಿ ಬುತ್ತಿಗಳನ್ನೆಲ್ಲ ಜಮಖಾನೆಯ ನಡುವೆ ಬಿಚ್ಚಿಡಬೇಕು, ತನ್ನದನ್ನು ತಾನು ಉಣ್ಣಕೂಡದು. ಮನೆಯಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳು ತರುವ ಕಟಕ ರೊಟ್ಟಿ ಮತ್ತು ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿಯ ಗಂಟು ಮೊದಲು ಖಾಲಿಯಾಗುತ್ತದೆ. ಅಂದು ಪಾತ್ರೆ ತೊಳೆಯುವ ಸರದಿ ಬೆಂಗಳೂರಿನಿಂದ ಬಂದ ಅಳಿಯಂದಿರದು.

ಅತ್ಯಾ ಈಗಿಲ್ಲ. 2025ರಲ್ಲಿ ಆಗಿ ಹುಣ್ಣಿಮೆ ಮೇ 12ರ ಸೋಮವಾರ ಬಂದಿತ್ತು. ಶಾವಿಗೆಯ ಮಣೆಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೆ. ಹಿಟ್ಟು ನಾದಿದವಳು ಮೊಮ್ಮಗಳು, ಹದ ಹೇಳಿದವರು ಅಂದು ಅತ್ಯಾ ಅವರ ಕೈ ಹಿಡಿದು ಕರೆತಂದ ಆ ಪಕ್ಕದ ಮನೆಯ ಹಿರಿಯರು. ಅವರ ಯಜಮಾನರು ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಮೆಟ್ಟಿಲು ಹತ್ತುವುದು ಕಷ್ಟವೆಂದು ಅವರಿಗಾಗಿ ಒಂದು ಕುರ್ಚಿಯನ್ನು ಮಧ್ಯಾಹ್ನವೇ ಮಾಳಿಗೆಗೆ ಏರಿಸಿದ್ದೆವು. ಅವರು ಅದರಲ್ಲಿ ಕೂರದೆ, ಮಣೆಯ ಮುಂದೆ ಚಾಪೆಯ ಮೇಲೆಯೇ ಕುಳಿತರು.