ಪತ್ತನಾಜೆ ಕಳೆದ ಮೇಲೆ



ನಮ್ಮ ಮನೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಮಳೆಗಾಲ ಪೂರ್ತಿ ಅದರೊಳಗೆ ಸಣ್ಣದೊಂದು ಬಲ್ಬು ಉರಿಯುತ್ತಿರುತ್ತದೆ. ಹೊಸಬರು ಬಂದರೆ "ಕೋಳಿಮರಿಗಾ?" ಎಂದು ಕೇಳುತ್ತಾರೆ. ಕೋಳಿಮರಿಗಲ್ಲ, ಲೆನ್ಸಿಗೆ. ಜೂನ್ ತಿಂಗಳಲ್ಲಿ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಗೋಡೆಯೇ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಅದೇ ಬೂಸ್ಟು ಲೆನ್ಸಿನ ಒಳಗೂ ಹೊಕ್ಕು, ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಎಳೆ ಬಿಡುತ್ತದೆ. ಒಮ್ಮೆ ಬೇರು ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಒಂದು ಲೆನ್ಸನ್ನು ಒದ್ದೆ ಬ್ಯಾಗಿನಲ್ಲೇ ಮರೆತು ನಾನು ಕಳೆದುಕೊಂಡಿದ್ದೇನೆ. ತಪ್ಪು ನನ್ನದೇ. ಪೆಟ್ಟಿಗೆಗೆ ಎಲ್‌ಇಡಿ ಆಗುವುದಿಲ್ಲ, ಬಿಸಿ ಕೊಡುವ ಹಳೆಯ ಬಲ್ಬೇ ಬೇಕು. ಅದು ಈಗ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಆಚೆ ಮನೆಯವರು ಕೊಳೆರೋಗಕ್ಕೆ ಹೆದರಿ ಅಡಿಕೆಗೆ ಮದ್ದು ಬಿಡುತ್ತಿರುತ್ತಾರೆ, ಈಚೆ ಮನೆಯಲ್ಲಿ ನಾನು ಲೆನ್ಸು ಒರೆಸುತ್ತಿರುತ್ತೇನೆ. ಇಬ್ಬರ ಬದುಕೂ ಮಳೆಯ ಕೈಯಲ್ಲಿ. ಅಡಿಕೆ ತೋಟ ಇಲ್ಲದ ಕೃಷಿಕ ನಾನು ಎಂದು ಎಷ್ಟೋ ಸಲ ಅನಿಸಿದ್ದುಂಟು.

ಫೋಟೋ ತೆಗೆಯುವ ನಮಗೂ ಕೊಯ್ಲಿನ ಕಾಲ ಅಂತ ಒಂದಿದೆ. ದೀಪಾವಳಿ ಕಳೆದು ಶುರುವಾದರೆ ಪತ್ತನಾಜೆಯವರೆಗೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ನೇಮ, ಜಾತ್ರೆ, ಯಕ್ಷಗಾನದ ತಿರುಗಾಟ ಎಲ್ಲ ನಿಲ್ಲುತ್ತದೆ. ಅಷ್ಟರೊಳಗೆ ಮದುವೆ, ಮೆಹಂದಿ, ಗೃಹಪ್ರವೇಶ, ಬ್ರಹ್ಮಕಲಶ. ಏಪ್ರಿಲ್ 10ಕ್ಕೆ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಗೆ ಕೊಡಿ ಏರುತ್ತದೆ, 17ಕ್ಕೆ ಬ್ರಹ್ಮರಥ. ಆ ದಿನ ಮದುವೆಗೆ ಫೋಟೋ ಒಪ್ಪಿಕೊಂಡವನು ರಥಬೀದಿಯಲ್ಲಿ ಸಿಕ್ಕಿಬಿದ್ದು ಪಡುವ ಪಾಡು ದೇವರಿಗೇ ಪ್ರೀತಿ. ಮಳೆಗಾಲದ ಆಟಿ ತಿಂಗಳು ಬಂತೆಂದರೆ ಮದುವೆ ಇಲ್ಲ, ಬುಕ್ಕಿಂಗ್ ಇಲ್ಲ. ಕ್ಯಾಮೆರಾದ ಸಾಲದ ಕಂತಿಗೆ ಮಾತ್ರ ಆಟಿ ಗೊತ್ತಿಲ್ಲ.

"ನಿಮ್ಮದೇನು ಮಾರಾಯ್ರೇ, ಒತ್ತುವುದು ತಾನೆ?" ಎನ್ನುವವರಿದ್ದಾರೆ. ಹೌದು, ಒತ್ತುವುದೇ. ಧಾರೆಯ ಹೊತ್ತನ್ನು ನೆನಪಿಸಿಕೊಳ್ಳಿ. ಹುಡುಗ-ಹುಡುಗಿಯ ಕೈ ಒಂದರ ಮೇಲೊಂದು, ಮೇಲೆ ಗಿಂಡಿ, ಗಿಂಡಿಯಿಂದ ಸಪೂರಕ್ಕೆ ಇಳಿಯುವ ನೀರು. ಆ ನೀರು ಕೈ ಮುಟ್ಟುವ ಹೊತ್ತು ಎರಡೋ ಮೂರೋ ಸೆಕೆಂಡು. ಅಷ್ಟರಲ್ಲಿ ಪುರೋಹಿತರ ಬೆನ್ನು ಅಡ್ಡ ಬರಬಾರದು, ಸೋದರಮಾವನ ಮೊಬೈಲು ಅಡ್ಡ ಬರಬಾರದು, ಹುಡುಗಿಯ ಅಮ್ಮ ಸೆರಗಿನಿಂದ ಕಣ್ಣೊರೆಸುವುದು ತಪ್ಪಿಹೋಗಬಾರದು. ತಪ್ಪಿದರೆ "ಇನ್ನೊಮ್ಮೆ ಎರೆಯಿರಿ" ಎನ್ನಲಿಕ್ಕಾಗುತ್ತದೆಯೇ? ಕೆಲವರು ಹಾಗೂ ಹೇಳುತ್ತಾರೆ, ನಾನು ಕೇಳಿದ್ದೇನೆ. ನನಗೆ ಸರಿ ಕಾಣುವುದಿಲ್ಲ. ರೀಲಿನ ಕಾಲದಲ್ಲಿ ಒಂದು ರೋಲಿಗೆ 36 ಫೋಟೋ. ಒತ್ತುವ ಮೊದಲು ಎರಡು ಸಲ ಯೋಚಿಸುತ್ತಿದ್ದೆವು. ಈಗ ಒಂದು ಮದುವೆಗೆ ಸಾವಿರಗಟ್ಟಲೆ ಒತ್ತಿ, ಆಮೇಲೆ ವಾರಗಟ್ಟಲೆ ಕೂತು ಆರಿಸುತ್ತೇವೆ. ಕೆಲಸ ಕಡಿಮೆಯಾಗಲಿಲ್ಲ, ಮಂಟಪದಿಂದ ಕಂಪ್ಯೂಟರಿನ ಮುಂದಕ್ಕೆ ಬಂತು, ಅಷ್ಟೆ.

ಸುಳ್ಯದ ಕಡೆಯ ಒತ್ತೆಕೋಲ ಬೇರೆಯೇ ಪರೀಕ್ಷೆ. ರಾತ್ರಿಯಿಡೀ ಉರಿದು ಕೆಂಡವಾದ ಮೇಲೇರಿ ಎಂಬ ಸೌದೆಯ ರಾಶಿಗೆ ವಿಷ್ಣುಮೂರ್ತಿ ದೈವ ಬೀಳುವುದು ಬೆಳಗಿನ ಜಾವದಲ್ಲಿ. ಕೆಂಡದ ಶಾಖಕ್ಕೆ ಮುಖ ಸುಡುತ್ತದೆ, ಬೂದಿ ಹಾರಿ ಗಾಜಿನ ಮೇಲೆ ಕೂರುತ್ತದೆ, ಬೆಳಕೆಂದರೆ ಆ ಕೆಂಡದ್ದೇ. ಫ್ಲ್ಯಾಶ್ ಹೊಡೆದರೆ ಕೆಂಪು ಸತ್ತು ಬಿಳಿಚಿಕೊಳ್ಳುತ್ತದೆ, ದೈವದ ಕಣ್ಣಿಗೂ ಕುಕ್ಕುತ್ತದೆ. ಹಾಗಾಗಿ ಫ್ಲ್ಯಾಶ್ ಚೀಲದಲ್ಲೇ ಇರಬೇಕು. ಬಣ್ಣ ಹಾಕುವ ಚೌಕಿಯೊಳಗೆ ಕೇಳದೆ ಹೋಗಬಾರದು. ಗುತ್ತಿನವರು ಕಣ್ಣಲ್ಲೇ ಬೇಡ ಅಂದರೆ ಕ್ಯಾಮೆರಾ ಇಳಿಸಬೇಕು. 2022ರಲ್ಲಿ 'ಕಾಂತಾರ' ಬಂದ ಮೇಲೆ ದೈವದ ಕಳದ ಸುತ್ತ ಮೊಬೈಲಿನ ಕಾಡೇ ಎದ್ದಿದೆ. ಆ ಮೊಬೈಲು ಹಿಡಿದವರಿಗೆ ಈ ಮರ್ಯಾದೆಗಳನ್ನು ಹೇಳಿಕೊಟ್ಟವರಿಲ್ಲ. ನಮಗೆ ಹಿರಿಯರು ಗದರಿಸಿ ಕಲಿಸಿದ್ದರು.

ಇನ್ನು ದುಡ್ಡಿನ ಮಾತು. ನಮ್ಮಲ್ಲಿ ಬಾಕಿ ಕೊಡುವವರ ಮಾತು ಒಂದೇ: "ಅಡಿಕೆ ಕೊಟ್ಟ ಮೇಲೆ ಕೊಡ್ತೇನೆ." ಸುಳ್ಳಲ್ಲ ಅದು. ಚಾಲಿ ಅಡಿಕೆಗೆ ಧಾರಣೆ ಬಂದರೆ ಆಲ್ಬಂ ಬಾಕಿಯೂ ಬರುತ್ತದೆ. ಆದರೆ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಬಂದು ತೋಟವೇ ಹೋದ ಮನೆಗಳಿವೆ, ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ. ಅಂಥ ಮನೆಯ ಮದುವೆಯಲ್ಲಿ ಮೊದಲು ಕಡಿಮೆಯಾಗುವುದು ಊಟವಲ್ಲ, ಚಪ್ಪರವಲ್ಲ, ಫೋಟೋ. ಅಂಥಲ್ಲಿ ಬಾಕಿ ಕೇಳಲು ನಾಲಗೆ ಏಳುವುದಿಲ್ಲ. ತೋಟಕ್ಕೆ ಬಂದ ರೋಗ ನಮ್ಮ ಕಿಸೆಗೂ ಬರುತ್ತದೆ.

ಸಂಬಳವಿಲ್ಲದೆ, ಕ್ಯಾಮೆರಾ ಒಂದನ್ನೇ ನಂಬಿ ಬದುಕಿದ ದೊಡ್ಡವರು ನಮ್ಮವರಲ್ಲೇ ಇದ್ದರು. ಮೈಸೂರಿನ ಟಿ.ಎಸ್. ಸತ್ಯನ್. ಪತ್ರಿಕೆಯ ನೌಕರಿ ಬಿಟ್ಟು ಸ್ವತಂತ್ರವಾಗಿ ದುಡಿದರು, ಸಿಡುಬು ನಿರ್ಮೂಲನದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಊರೂರು ಅಲೆದು ಚಿತ್ರ ತೆಗೆದರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರದ ಕೆಳಗೆ ಅವರ ಹೆಸರಿರುತ್ತಿತ್ತು. ನಾವು ತೆಗೆದ ರಥದ ಫೋಟೋ ಬೆಳಗಾಗುವಷ್ಟರಲ್ಲಿ ನೂರು ವಾಟ್ಸಾಪ್ ಗುಂಪು ಸುತ್ತಿರುತ್ತದೆ, ಮೂಲೆಯ ಹೆಸರನ್ನು ಮಾತ್ರ ಯಾರೋ ಕತ್ತರಿಸಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೋದ ಹಕ್ಕು ತೆಗೆಸಿದವರದ್ದು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾರೂ ಹೇಳದೆ, ನಿದ್ದೆಗೆಟ್ಟು ನಾನಾಗಿಯೇ ತೆಗೆದ ರಥದ ಚಿತ್ರ ನನ್ನದು. ಹಂಚುವವರು ಹೆಸರು ಉಳಿಸಿ ಹಂಚಿದರೆ ಅವರ ಗಂಟೇನೂ ಹೋಗುವುದಿಲ್ಲ.

ಮಳೆಗಾಲದಲ್ಲೂ ನಮ್ಮನ್ನು ಹುಡುಕಿ ಬರುವ ಒಂದು ಕೆಲಸವಿದೆ. ಜಡಿಮಳೆಯಲ್ಲಿ ಕೊಡೆ ಮಡಚುತ್ತ ಒಬ್ಬರು ಬರುತ್ತಾರೆ. "ಅಪ್ಪ ಹೋದ್ರು. ಉತ್ತರಕ್ರಿಯೆಗೆ ಒಂದು ಫೋಟೋ ದೊಡ್ಡದು ಮಾಡಿಕೊಡ್ಬೇಕು." ಕೈಯಲ್ಲಿರುವುದು ಆಧಾರ್ ಕಾರ್ಡು. ಅಥವಾ ಯಾವುದೋ ಮದುವೆಯ ಗುಂಪು ಫೋಟೋ, ಹಿಂದಿನ ಸಾಲಿನಲ್ಲಿ ಅರ್ಧ ಮುಖ. ಮನೆಯ ಮೂರು ಮೊಬೈಲಿನಲ್ಲಿ ಹತ್ತು ಸಾವಿರ ಫೋಟೋ ಇರುತ್ತದೆ, ಅಪ್ಪ ಒಬ್ಬರೇ ನೆಟ್ಟಗೆ ಕೂತದ್ದು ಒಂದೂ ಇರುವುದಿಲ್ಲ. ಆ ಅರ್ಧ ಮುಖವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಪಕ್ಕದವರ ಭುಜ ಅಳಿಸಿ, ಇಲ್ಲದ ಶಾಲು ಹೊದೆಸಿ ಕೊಡುತ್ತೇನೆ. ಮನೆಯವರು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಹಾಗೆಯೇ ಉಂಟು" ಅನ್ನುತ್ತಾರೆ. ಇಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಅದಕ್ಕೆ ಒಂದು ಕೇಳಿಕೆ. ಇದಕ್ಕೆ ಫೋಟೋದವರನ್ನು ಕರೆಯಬೇಕೆಂದೇನಿಲ್ಲ. ಇವತ್ತು ಬೆಳಿಗ್ಗೆ ತಿಂಡಿ ಆದ ಮೇಲೆ ಮನೆಯ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ. ಮುಖ ಅಂಗಳದ ಕಡೆಗಿರಲಿ, ಫ್ಲ್ಯಾಶ್ ಬೇಡ, ಬೆಳಕು ತಾನಾಗಿ ಬೀಳುತ್ತದೆ. ಎಲೆಅಡಿಕೆ ಹಾಕುವುದಿದ್ದರೆ ಹಾಕಲಿ, ಮಾತಾಡುತ್ತಿರಲಿ. ನಿಮ್ಮ ಮೊಬೈಲಿನಲ್ಲೇ ನಾಲ್ಕು ಫೋಟೋ ತೆಗೆಯಿರಿ. ಪೇಟೆಗೆ ಹೋದಾಗ ಅದರಲ್ಲಿ ಒಂದನ್ನು ಪ್ರಿಂಟ್ ಹಾಕಿಸಿ, ಅವರ ಕೈಗೇ ಕೊಡಿ.